ಬೋಪಯ್ಯ ಎಷ್ಟು ವರ್ಷ ಶಾಸಕರು? ಪರಿಚಯ ಪುಟಕ್ಕೆ ಸರಿಯಾದ ಲೆಕ್ಕ ಬೇಕು

ಕೋಟೆಬೆಟ್ಟ
ಕೊಡಗಿನಿಂದ ವಿಧಾನಸಭೆಗೆ ಹೋದವರ ಪರಿಚಯ ಪುಟಗಳು ತಯಾರಾಗುತ್ತಿವೆ. ಬಿಜೆಪಿಯ ಕೆ.ಜಿ. ಬೋಪಯ್ಯ ಅವರ ಪುಟದ ಹತ್ತಿರ ಗಾಡಿ ನಿಂತಿದೆ. ಒಂದು ಕಡೆ "20 ವರ್ಷ ಶಾಸಕ" ಅಂತಿದೆ, ಇನ್ನೊಂದು ಕಡೆ "ವಿರಾಜಪೇಟೆಯಿಂದ ನಾಲ್ಕು ಬಾರಿ" ಅಂತಿದೆ, ಮತ್ತೊಂದರಲ್ಲಿ "ಕೊಡಗಿನ ಅತಿ ಹೆಚ್ಚು ಕಾಲದ ಶಾಸಕ" ಅಂತ ಬರೆದುಬಿಟ್ಟಿದ್ದಾರೆ. ಮೂರರಲ್ಲಿ ಯಾವುದು ಸರಿ? ಅವರು ಸ್ಪೀಕರ್ ಆಗಿದ್ದಾಗ 16 ಶಾಸಕರನ್ನು ಅನರ್ಹ ಮಾಡಿದ 2010ರ ಪ್ರಕರಣವನ್ನು ಎರಡು ಸಾಲಲ್ಲಿ ಮುಗಿಸಬಹುದೇ? ಕ್ಷೇತ್ರದ ಕೆಲಸವನ್ನು ಅಳೆಯುವುದು ಹೇಗೆ? ಪಕ್ಷದ ಜಗಳ ಬೇಡ, ದಾಖಲೆ ಮಾತಾಡಲಿ.

ಶನಿವಾರಸಂತೆ
ಮೂರೂ ತಪ್ಪು.

ಹಾರಂಗಿ ಹಿನ್ನೀರು
ಗೆದ್ದದ್ದು ನಾಲ್ಕು ಬಾರಿ ನಿಜ, ಆದರೆ ನಾಲ್ಕೂ ವಿರಾಜಪೇಟೆಯಿಂದ ಅಲ್ಲ. 2004ರಲ್ಲಿ ಮಡಿಕೇರಿ. 2008, 2013, 2018ರಲ್ಲಿ ವಿರಾಜಪೇಟೆ. 2023ರಲ್ಲಿ ಅಲ್ಲೇ ಕಾಂಗ್ರೆಸ್ಸಿನ ಎ.ಎಸ್. ಪೊನ್ನಣ್ಣ ಎದುರು 4,291 ಮತದಿಂದ ಸೋಲು.

ಕ್ಷೇತ್ರ ಬದಲಾಗಿದ್ದಕ್ಕೆ ಕಾರಣ 2008ರ ಮರುವಿಂಗಡಣೆ. ಅಲ್ಲಿಯವರೆಗೆ ಜಿಲ್ಲೆಗೆ ಮೂರು ಕ್ಷೇತ್ರ: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲು. ಸುಮಾ ವಸಂತ್, ಎಚ್.ಡಿ. ಬಸವರಾಜು ಗೆದ್ದದ್ದು ಆ ಮೀಸಲು ಕಾಲದಲ್ಲಿ. ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರದ ಹೆಸರೇ ಅಳಿಸಿಹೋಗಿ ಆ ಭಾಗ ಮಡಿಕೇರಿಗೆ ಸೇರಿತು, ವಿರಾಜಪೇಟೆ ಸಾಮಾನ್ಯ ಕ್ಷೇತ್ರವಾಯಿತು. ಈಗಿನ ಸಂಖ್ಯೆ 208 ಮಡಿಕೇರಿ, 209 ವಿರಾಜಪೇಟೆ. ಹಾಗಾಗಿ ಹೊಸ ಮಡಿಕೇರಿಗೆ ಸೋಮವಾರಪೇಟೆಯ ಅಪ್ಪಚ್ಚು ರಂಜನ್ ಬಂದರು, ಮಡಿಕೇರಿಯ ಬೋಪಯ್ಯ ದಕ್ಷಿಣದ ವಿರಾಜಪೇಟೆಗೆ ಹೋದರು.

ಪುಟದಲ್ಲಿ 2004ರ ಮಡಿಕೇರಿ ಮತ, 2018ರ ಮಡಿಕೇರಿ ಮತ ಎರಡನ್ನೂ ಒಂದೇ ಕೋಷ್ಟಕಕ್ಕೆ ಹಾಕಬೇಡಿ. ಹೆಸರು ಒಂದೇ, ನಕ್ಷೆ ಬೇರೆ.

ಕಲಾಪ ಓದುಗ
ವರ್ಷದ ಲೆಕ್ಕಕ್ಕೆ ಬರೋಣ. ಎಲ್ಲರೂ ಎಡವುವುದು ಇಲ್ಲೇ. ನಾಲ್ಕು ಬಾರಿ ಗೆದ್ದರೆ ನಾಲ್ಕೈದ್ಲಿ ಇಪ್ಪತ್ತು ಅಂತ ಗುಣಿಸಿಬಿಡುತ್ತಾರೆ. 2004ರ ವಿಧಾನಸಭೆ ಐದು ವರ್ಷ ಬಾಳಲೇ ಇಲ್ಲ. 2007ರ ಅಕ್ಟೋಬರಿನಲ್ಲಿ ಕುಮಾರಸ್ವಾಮಿ ಸರ್ಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ, ನವೆಂಬರಿನಲ್ಲಿ ಯಡಿಯೂರಪ್ಪನವರ ಏಳು ದಿನದ ಸರ್ಕಾರ, ತಿಂಗಳ ಕೊನೆಗೆ ಸಭೆ ವಿಸರ್ಜನೆ. ಅಲ್ಲಿಂದ 2008ರ ಮೇ ಚುನಾವಣೆವರೆಗೆ ರಾಜ್ಯದಲ್ಲಿ ವಿಧಾನಸಭಾ ಸದಸ್ಯ ಅನ್ನುವವನೇ ಇರಲಿಲ್ಲ.

ಅಂದರೆ 2004ರ ಮೇಯಿಂದ 2007ರ ನವೆಂಬರ್, ಮೂರೂವರೆ ವರ್ಷ. 2008ರ ಮೇಯಿಂದ 2023ರ ಮೇ, ಹದಿನೈದು ವರ್ಷ. ಒಟ್ಟು ಹದಿನೆಂಟೂವರೆ. "ನಾಲ್ಕು ಅವಧಿ, ಸುಮಾರು 18 ವರ್ಷ 6 ತಿಂಗಳು" ಅಂತ ಬರೆಯಿರಿ, ಯಾರೂ ಬೆರಳು ತೋರಿಸಲಾಗದು.

ಶನಿವಾರಸಂತೆ
ಮತ್ತೆ "ಅತಿ ಹೆಚ್ಚು ಕಾಲ" ಅನ್ನುವ ಪಟ್ಟ ಎಂತಕ್ಕೆ ಮಾರಾಯ್ರೆ? ಅಪ್ಪಚ್ಚು ರಂಜನ್ ಐದು ಸಲ ಗೆದ್ದವರು. 1994, 1999 ಸೋಮವಾರಪೇಟೆಯಿಂದ, 2008, 2013, 2018 ಮಡಿಕೇರಿಯಿಂದ. 2004ರಲ್ಲಿ ಜೀವಿಜಯ ಗೆದ್ದ ಕಾರಣ ನಡುವೆ ಒಂದು ಖಾಲಿ. 2023ರಲ್ಲಿ ಡಾ. ಮಂತರ್ ಗೌಡ ಎದುರು ಸೋತರು.

ಕಲಾಪ ಓದುಗ
ಅವರದ್ದೂ ಇಪ್ಪತ್ತೈದು ಆಗುವುದಿಲ್ಲ. 1994ರ ಡಿಸೆಂಬರಿನ ಸಭೆ 1999ರ ಜುಲೈಗೇ ವಿಸರ್ಜನೆ, 1999ರ ಅಕ್ಟೋಬರಿನದ್ದು 2004ರ ಫೆಬ್ರವರಿಗೆ. ಎರಡೂ ಸೇರಿ ಒಂಬತ್ತರ ಆಸುಪಾಸು. ಮೇಲೆ ಹದಿನೈದು. ಸುಮಾರು 24.

ರೋಬಸ್ಟಾ
ಇಬ್ಬರೂ ಒಂದೇ ಪಕ್ಷ, ಇಬ್ಬರೂ 2008ರಿಂದ 2023ರವರೆಗೆ ಜೊತೆಗೆ, ಇಬ್ಬರೂ ಒಂದೇ ದಿನ ಮನೆಗೆ. ಹದಿನೈದು ವರ್ಷ ಜಿಲ್ಲೆಗೆ ಇಬ್ಬರೇ ಶಾಸಕರು, ಅದೇ ಇಬ್ಬರು. ಇದನ್ನು ಪುಟದ ಮೊದಲ ಸಾಲಿಗೆ ಹಾಕಿ.

ಗೋಣಿಕೊಪ್ಪ ಸಂತೆ
ಮತಗಳ ಅಂತರವನ್ನೂ ಹಾಕಿ. 2013ರಲ್ಲಿ ಬಿದ್ದಾಟಂಡ ಪ್ರದೀಪ್ ಎದುರು 3,414 ಮಾತ್ರ. 2018ರಲ್ಲಿ ಅರುಣ್ ಮಾಚಯ್ಯ ಎದುರು 13 ಸಾವಿರ ದಾಟಿತು. 2023ರಲ್ಲಿ ತಿರುಗಿ 4,291ರ ಸೋಲು. "ಬಿಜೆಪಿ ಕೋಟೆ" ಅಂತ ಪೇಪರಿನವರು ಬರೆಯುತ್ತಿದ್ದ ಕ್ಷೇತ್ರ 2013ರಲ್ಲೇ ಕೈ ಜಾರುವುದರಲ್ಲಿತ್ತು. ಆ ಹೊತ್ತಿಗೆ ಯಡಿಯೂರಪ್ಪ ಬೇರೆ ಪಕ್ಷ ಕಟ್ಟಿ ರಾಜ್ಯದಲ್ಲಿ ಬಿಜೆಪಿ ಕುಸಿದಿತ್ತು. ಕೊಡಗಿನ ಎರಡೂ ಸೀಟು ಉಳಿದದ್ದೇ ವಿಶೇಷ.

ಕುಟ್ಟ ಗಡಿ
ಕ್ಷೇತ್ರ ಇರಲಿ, ರಾಜ್ಯದಲ್ಲಿ ಬೋಪಯ್ಯ ಅಂದರೆ ನೆನಪಾಗುವುದು ಒಂದೇ. 16 ಜನರನ್ನು ರಾತ್ರಿ ಬೆಳಗಾಗುವುದರಲ್ಲಿ ಅನರ್ಹ ಮಾಡಿದ ಸ್ಪೀಕರ್. ಅದಕ್ಕೆ ಎರಡು ಸಾಲು ಸಾಕು ಅಂದರೆ ಪುಟವೇ ಬೇಡ.

ಬಾಣೆ ಬೇಲಿ
ಹಾಗೆ ಬರೆದರೆ ಅದು ಪರಿಚಯ ಅಲ್ಲ, ಚಾರ್ಜ್‌ಶೀಟು. ಹೈಕೋರ್ಟು ಅದೇ ಆದೇಶವನ್ನು ಎತ್ತಿಹಿಡಿದಿತ್ತು ಅನ್ನುವುದನ್ನು ಯಾಕೆ ನುಂಗುತ್ತೀರಿ ಅಣ್ಣಾ?

ಕುಟ್ಟ ಗಡಿ
ಸುಪ್ರೀಂ ಕೋರ್ಟು ರದ್ದು ಮಾಡಿದ್ದನ್ನು ನೀವು ನುಂಗಿದಿರಲ್ಲ.

ಕಲಾಪ ಓದುಗ
ಇಬ್ಬರೂ ಅರ್ಧರ್ಧ ಹೇಳುತ್ತಿದ್ದೀರಿ. ಕ್ರಮವಾಗಿ ಇಡುತ್ತೇನೆ, ಕೋಟೆಬೆಟ್ಟ ಅವರು ಬೇಕಾದ್ದು ತೆಗೆದುಕೊಳ್ಳಲಿ.

2008ರಲ್ಲಿ ಬಿಜೆಪಿಗೆ ಬಂದದ್ದು 110. ಬಹುಮತಕ್ಕೆ 113 ಬೇಕು. ಪಕ್ಷೇತರರನ್ನು ಮಂತ್ರಿ ಮಾಡಿ ಸರ್ಕಾರ ರಚನೆ. ಬೋಪಯ್ಯ ಮೊದಲು ಹಂಗಾಮಿ ಸ್ಪೀಕರ್, ಆಮೇಲೆ ಡೆಪ್ಯುಟಿ ಸ್ಪೀಕರ್. ಸ್ಪೀಕರ್ ಆಗಿದ್ದ ಜಗದೀಶ ಶೆಟ್ಟರ್ ಮಂತ್ರಿಯಾಗಲು ರಾಜೀನಾಮೆ ಕೊಟ್ಟ ಮೇಲೆ 2009ರ ಡಿಸೆಂಬರ್ ಕೊನೆಯಲ್ಲಿ ಸ್ಪೀಕರ್.

2010ರ ಅಕ್ಟೋಬರ್ 6ರಂದು ಬಿಜೆಪಿಯ ಒಂದು ಗುಂಪು ಮತ್ತು 5 ಪಕ್ಷೇತರರು ಯಡಿಯೂರಪ್ಪನವರಿಗೆ ಬೆಂಬಲವಿಲ್ಲ ಅಂತ ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅವರಿಗೆ ಪತ್ರ ಕೊಟ್ಟರು. 12ರ ಒಳಗೆ ಬಹುಮತ ಸಾಬೀತು ಮಾಡಿ ಅಂತ ರಾಜ್ಯಪಾಲರ ಸೂಚನೆ. 7ನೇ ತಾರೀಕು ಸ್ಪೀಕರ್ ನೋಟಿಸ್, ಉತ್ತರಕ್ಕೆ 10ರ ಸಂಜೆ 5 ಗಂಟೆ ಗಡುವು. ಆ ಗಡುವು ಮುಗಿದದ್ದೇ, 11ರ ವಿಶ್ವಾಸಮತಕ್ಕೆ ಮೊದಲು 11 ಬಿಜೆಪಿ ಶಾಸಕರು ಮತ್ತು 5 ಪಕ್ಷೇತರರು ಅನರ್ಹ. ಅಂದು ಗದ್ದಲದಲ್ಲಿ ಧ್ವನಿಮತ. ರಾಜ್ಯಪಾಲರು ಒಪ್ಪದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿ, ಆಮೇಲೆ ಇನ್ನೊಂದು ಅವಕಾಶ ಕೊಟ್ಟರು. 14ರಂದು ಪರ 106, ವಿರುದ್ಧ 100.

ಆ 16 ಮತ ವಿರುದ್ಧ ಬಿದ್ದಿದ್ದರೆ 106ಕ್ಕೆ 116. ಸರ್ಕಾರದ ಪ್ರಾಣ ಇದ್ದದ್ದು ಆ ಆದೇಶದಲ್ಲೇ. ಅದಕ್ಕೇ ಇಷ್ಟು ಚರ್ಚೆ.

ಬಾಣೆ ಬೇಲಿ
ಹೈಕೋರ್ಟಿನ ಭಾಗವನ್ನೂ ಬರೆಯಿರಿ.

ಕಲಾಪ ಓದುಗ
ಬರೆಯುತ್ತಿದ್ದೇನೆ. ಬಿಜೆಪಿಯ 11 ಜನರ ವಿಷಯದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಬೇರೆಯಾಗಿ ಮೂರನೆಯವರಿಗೆ ಹೋಯಿತು, ಅಕ್ಟೋಬರ್ ಕೊನೆಗೆ ಆದೇಶ ಎತ್ತಿಹಿಡಿಯಲಾಯಿತು. ಪಕ್ಷೇತರರದ್ದು 2011ರ ಫೆಬ್ರವರಿಯಲ್ಲಿ, ಅದೂ ಸ್ಪೀಕರ್ ಪರ. 2011ರ ಮೇ 13ರಂದು ಸುಪ್ರೀಂ ಕೋರ್ಟು ಎರಡನ್ನೂ ರದ್ದು ಮಾಡಿತು. ನ್ಯಾ. ಅಲ್ತಮಸ್ ಕಬೀರ್, ನ್ಯಾ. ಸಿರಿಯಾಕ್ ಜೋಸೆಫ್ ಪೀಠ.

ಕಾರಣಗಳು ಮುಖ್ಯ. ಕರ್ನಾಟಕ ವಿಧಾನಸಭೆಯ ಪಕ್ಷಾಂತರ ಅನರ್ಹತಾ ನಿಯಮ 1986ರದ್ದು, ಉತ್ತರಕ್ಕೆ ಏಳು ದಿನ ಕೊಡಬೇಕು. ಕೊಟ್ಟದ್ದು ಮೂರು ದಿನ. ಪಕ್ಷದ ರಾಜ್ಯಾಧ್ಯಕ್ಷ ಈಶ್ವರಪ್ಪ ಸಲ್ಲಿಸಿದ ಪ್ರಮಾಣಪತ್ರವನ್ನು ನೆಚ್ಚಿಕೊಂಡರೂ ಅದರ ಪ್ರತಿ ಆ ಶಾಸಕರಿಗೆ ಮುಟ್ಟಿಸಲಿಲ್ಲ. ಮುಖ್ಯಮಂತ್ರಿ ಬದಲಾಗಲಿ ಅಂದ ಮಾತ್ರಕ್ಕೆ ಪಕ್ಷದ ಸದಸ್ಯತ್ವ ತೊರೆದಂತೆ ಅಲ್ಲ. ಪಕ್ಷೇತರರು ಮಂತ್ರಿಯಾದ ಮಾತ್ರಕ್ಕೆ ಆ ಪಕ್ಷ ಸೇರಿದಂತೆ ಅಲ್ಲ. ರಾಜ್ಯಪಾಲರ ಗಡುವಿಗೆ ಮುಂಚೆ ಮುಗಿಸುವ ಧಾವಂತ ಕಾಣುತ್ತದೆ ಅನ್ನುವ ಅರ್ಥದ ಮಾತೂ ತೀರ್ಪಿನಲ್ಲಿದೆ.

ಪುಟದಲ್ಲಿ "ವಿವಾದಾತ್ಮಕ" ಅಂತ ಒಂದು ಪದ ಎಸೆದು ಜಾರಿಕೊಳ್ಳುವ ಬದಲು ಏಳು ದಿನ, ಮೂರು ದಿನ ಅಂತ ಬರೆದರೆ ಓದುವವನಿಗೆ ತಾನಾಗಿ ತಿಳಿಯುತ್ತದೆ.

ರೋಬಸ್ಟಾ
2019ರಲ್ಲಿ ರಮೇಶ್ ಕುಮಾರ್ 17 ಜನರನ್ನು ಅನರ್ಹ ಮಾಡಿದಾಗ ಇದೇ ಬಿಜೆಪಿ "ಸ್ಪೀಕರ್ ಅಧಿಕಾರ ದುರುಪಯೋಗ" ಅಂತ ಕೂಗಿತು. 2010ರಲ್ಲಿ ಕೂಗಿದ್ದ ಕಾಂಗ್ರೆಸ್ ಆಗ ಚಪ್ಪಾಳೆ ತಟ್ಟಿತು. ಕುರ್ಚಿ ಯಾರದ್ದೋ ಅವರ ಪರ ನ್ಯಾಯ.

ಕಲಾಪ ಓದುಗ
ಎರಡೂ ಒಂದೇ ಅಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಉಳಿಸಿಕೊಂಡು, 2023ರವರೆಗೆ ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನಷ್ಟೇ ತೆಗೆದುಹಾಕಿತು. 2010ರದ್ದು ಪೂರ್ತಿ ಬಿದ್ದುಹೋಯಿತು.

ಗೋಣಿಕೊಪ್ಪ ಸಂತೆ
2018ರ ಮೇ 19 ಬಿಟ್ಟುಹೋಯಿತು. ಇಡೀ ದೇಶ ಟಿವಿಯಲ್ಲಿ ನೋಡಿದ್ದು ಅದನ್ನೇ. ಬಿಜೆಪಿ 104, ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರಿಗೆ ಪ್ರಮಾಣವಚನ ಬೋಧಿಸಿ ಹದಿನೈದು ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟು ಅದನ್ನು ಮೇ 19ರ ಸಂಜೆ 4ಕ್ಕೆ ಇಳಿಸಿತು. ಹಂಗಾಮಿ ಸ್ಪೀಕರ್ ಆಗಿ ಬೋಪಯ್ಯ ಬಂದರು. ಎಂಟು ಬಾರಿ ಗೆದ್ದ ಆರ್.ವಿ. ದೇಶಪಾಂಡೆ ಇರುವಾಗ ಇವರು ಯಾಕೆ ಅಂತ ಕಾಂಗ್ರೆಸ್, ಜೆಡಿಎಸ್ ಕೋರ್ಟಿಗೆ ಹೋದವು. ಕೋರ್ಟು ನೇಮಕವನ್ನು ಮುಟ್ಟಲಿಲ್ಲ, ಕಲಾಪದ ನೇರ ಪ್ರಸಾರ ಆಗಲಿ ಅಂದಿತು. ಮತಕ್ಕೆ ಹಾಕುವ ಮುಂಚೆಯೇ ಯಡಿಯೂರಪ್ಪ ರಾಜೀನಾಮೆ.

ಶನಿವಾರಸಂತೆ
ಹಿರಿತನವೇ ಮಾನದಂಡ ಆಗಿದ್ದರೆ ದೇಶಪಾಂಡೆ ಯಾಕೆ, ಕೊಡಗಿನೊಳಗೇ ರಂಜನ್ ಹಿರಿಯರು. ಅವರದ್ದು ಐದನೇ ಗೆಲುವು, ಬೋಪಯ್ಯನವರದ್ದು ನಾಲ್ಕನೇದು.

ಬಾಣೆ ಬೇಲಿ
ಸಂವಿಧಾನದ 180ನೇ ವಿಧಿ ಓದಿ. ರಾಜ್ಯಪಾಲರು ಯಾವ ಸದಸ್ಯನನ್ನಾದರೂ ನೇಮಿಸಬಹುದು. ಹಿರಿಯರೇ ಆಗಬೇಕು ಅನ್ನುವುದು ಸಂಪ್ರದಾಯ, ಕಾನೂನಲ್ಲ. 2008ರಲ್ಲಿ ಇದೇ ಬೋಪಯ್ಯ ಹಂಗಾಮಿ ಆಗಿದ್ದಾಗ ಎರಡನೇ ಬಾರಿಯ ಶಾಸಕರಷ್ಟೇ. ಆಗ ಯಾರೂ ತಕರಾರು ಮಾಡಲಿಲ್ಲ.

ಕುಟ್ಟ ಗಡಿ
2008ರಲ್ಲಿ ಹಂಗಾಮಿ ಸ್ಪೀಕರಿನ ಕೆಲಸ ಪ್ರಮಾಣವಚನ ಬೋಧಿಸುವುದು. 2018ರಲ್ಲಿ ವಿಶ್ವಾಸಮತ ನಡೆಸುವುದು. ಅನರ್ಹತೆಯ ಅನುಭವ ಇರುವವರನ್ನೇ ಹುಡುಕಿ ಕೂರಿಸಿದರೆ ಜನ ಅನುಮಾನ ಪಡುವುದಿಲ್ಲವೇ?

ಕೋಟೆಬೆಟ್ಟ
ಇಷ್ಟು ಸಾಕು, ಈ ಭಾಗ ಗಟ್ಟಿಯಾಯಿತು. ಇನ್ನು ಕ್ಷೇತ್ರದ ಕೆಲಸ. ಸದನದಲ್ಲಿ ಕೇಳಿದ ಪ್ರಶ್ನೆಗಳನ್ನು ಎಣಿಸಿದರೆ ಹೇಗೆ?

ಕಲಾಪ ಓದುಗ
ಎಣಿಸಿ, ಆದರೆ ವರ್ಷ ನೋಡಿ ಎಣಿಸಿ. ಸ್ಪೀಕರ್ ಪ್ರಶ್ನೆ ಕೇಳುವುದಿಲ್ಲ, ಗಮನ ಸೆಳೆಯುವ ಸೂಚನೆ ಕೊಡುವುದಿಲ್ಲ, ಚರ್ಚೆಯಲ್ಲಿ ಕ್ಷೇತ್ರದ ಪರ ಮಾತಾಡುವುದಿಲ್ಲ. ಮತ ಹಾಕುವುದೂ ಸಮಬಲ ಬಂದಾಗ ಮಾತ್ರ. 2010ರಿಂದ 2013ರವರೆಗೆ ಆನೆ ಹಾವಳಿ ಬಗ್ಗೆಯೋ ಬಾಣೆ ಜಮೀನಿನ (ಗದ್ದೆಗೆ ಹೊಂದಿಸಿ ಕೊಟ್ಟ ಕಾಡು ಜಾಗ) ಬಗ್ಗೆಯೋ ವಿರಾಜಪೇಟೆ ಶಾಸಕರ ಹೆಸರಲ್ಲಿ ಪ್ರಶ್ನೆ ಹುಡುಕಿದರೆ ಸೊನ್ನೆ ಬರುತ್ತದೆ, ಅದನ್ನು ಸೋಮಾರಿತನ ಅಂತ ಬರೆದರೆ ಅನ್ಯಾಯ. ಮಂತ್ರಿಗೂ ಹಾಗೇ. 2012ರಲ್ಲಿ ಶೆಟ್ಟರ್ ಸಂಪುಟದಲ್ಲಿ ರಂಜನ್ ಯುವಜನ ಸೇವೆ ಮತ್ತು ಕ್ರೀಡಾ ಮಂತ್ರಿಯಾದರು. ಅಂದಿನಿಂದ ಆ ಸಭೆ ಮುಗಿಯುವವರೆಗೆ ಕೊಡಗಿನ ಇಬ್ಬರಲ್ಲಿ ಪ್ರಶ್ನೆ ಕೇಳಬಲ್ಲವರು ಒಬ್ಬರೂ ಇರಲಿಲ್ಲ.

ಬೋಪಯ್ಯನವರ ಪ್ರಶ್ನೆ ನೋಡಬೇಕಾದ್ದು 2004ರಿಂದ 2007, ಮತ್ತೆ 2013ರಿಂದ 2023. ಚುಕ್ಕೆ ಗುರುತಿನದ್ದು, ಚುಕ್ಕೆ ಇಲ್ಲದ್ದು ಬೇರೆಬೇರೆ ಪಟ್ಟಿ ಮಾಡಿ. ಚುಕ್ಕೆ ಗುರುತಿನದ್ದಕ್ಕೆ ಸದನದಲ್ಲಿ ಬಾಯಿಮಾತಿನ ಉತ್ತರ, ಉಪಪ್ರಶ್ನೆಗೂ ಅವಕಾಶ. ಇನ್ನೊಂದಕ್ಕೆ ಬರಹದ ಉತ್ತರವಷ್ಟೇ. ನಿಯಮ 69ರಡಿ ನಡೆಯುವ ಸಾರ್ವಜನಿಕ ಮಹತ್ವದ ಚರ್ಚೆ, ನಿಯಮ 60ರ ನಿಲುವಳಿ ಸೂಚನೆ ಪ್ರಶ್ನೋತ್ತರ ಪಟ್ಟಿಯಲ್ಲಿ ಸಿಗುವುದಿಲ್ಲ, ದಿನದ ನಡವಳಿ ತೆರೆದೇ ನೋಡಬೇಕು. ದಿಡ್ಡಳ್ಳಿ ಹಾಡಿ (ಆದಿವಾಸಿಗಳ ವಸತಿ) ತೆರವು 2016ರ ಡಿಸೆಂಬರ್, ಭೂಕುಸಿತ 2018ರ ಆಗಸ್ಟ್. ಈ ಎರಡರ ನಂತರದ ಅಧಿವೇಶನಗಳಿಂದ ಶುರು ಮಾಡಿ, ಹುಡುಕಾಟ ಸಲೀಸು.

ಸಂಪಾಜೆ ಘಾಟಿ
ಪ್ರಶ್ನೆ ಕೇಳಿದರೆ ರಸ್ತೆ ಆಗುತ್ತದಾ? ಊರಿನವರು ನೋಡುವುದು ರಸ್ತೆ.

ಹಾರಂಗಿ ಹಿನ್ನೀರು
ರಸ್ತೆಯ ಲೆಕ್ಕ ಇನ್ನೂ ಗೋಜಲು. "ಶಾಸಕರ ಅನುದಾನ" ಅಂತ ಫ್ಲೆಕ್ಸ್ ಕಂಡ ಕೂಡಲೇ ಎಲ್ಲವನ್ನೂ ಅವರ ಖಾತೆಗೆ ಬರೆಯಬೇಡಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ, ಶಾಸಕರು ಇಬ್ಬರು. ತಲಾ ಐವತ್ತು ಅಂದುಕೊಂಡರೂ ಒಂದು ಪಂಚಾಯಿತಿಗೆ ವರ್ಷಕ್ಕೆ 4 ಲಕ್ಷ. ಒಂದು ಸಣ್ಣ ತಡೆಗೋಡೆ ಮುಗಿಯುವಷ್ಟರಲ್ಲಿ ಖಾಲಿ. ಆ ದುಡ್ಡೂ ಶಾಸಕರ ಕೈಗೆ ಬರುವುದಿಲ್ಲ. ಅವರು ಕೆಲಸದ ಪಟ್ಟಿ ಕೊಡುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ, ಲೋಕೋಪಯೋಗಿ ಇಲಾಖೆಯೋ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ ನಿರ್ಮಿತಿ ಕೇಂದ್ರವೋ ಮಾಡುತ್ತದೆ.

ದೊಡ್ಡ ದುಡ್ಡು ಬರುವುದು ಇಲಾಖೆಯಿಂದ. ಬಜೆಟ್ಟಿನಲ್ಲಿ ಖರ್ಚಿಗೆ ಕೊಡುವ ಸಂಖ್ಯೆ, ಅಂದರೆ ಲೆಕ್ಕಶೀರ್ಷಿಕೆ ನೋಡಿ: 5054 ಇದ್ದರೆ ರಸ್ತೆ, ಸೇತುವೆಯ ಹೊಸ ಕಾಮಗಾರಿ, 3054 ಇದ್ದರೆ ನಿರ್ವಹಣೆ. ಅದನ್ನು ಯಾರ ಒತ್ತಡದಿಂದ ತಂದರು ಅನ್ನುವುದನ್ನು ದಾಖಲೆಯಲ್ಲಿ ಸಾಬೀತು ಮಾಡುವುದು ಕಷ್ಟ. ಭೂಮಿಪೂಜೆ ಫೋಟೋ ಸಾಕ್ಷಿ ಅಲ್ಲ.

ಸಂಪಾಜೆ ಘಾಟಿ
ಮತ್ತೆ ಹಾಕಿದ ಡಾಂಬರು ಒಂದೇ ಮಳೆಗೆ ಕಿತ್ತುಹೋಗುವುದು ಯಾರ ಖಾತೆಗೆ?

ಹಾರಂಗಿ ಹಿನ್ನೀರು
ಕ್ರಿಯಾಯೋಜನೆಗೆ ಒಪ್ಪಿಗೆ ಸಿಗುವುದೇ ವರ್ಷದ ಕೊನೆಗೆ. ಟೆಂಡರ್ ಮುಗಿದು ಕೆಲಸ ಶುರುವಾಗುವಾಗ ಮಾರ್ಚ್, ಏಪ್ರಿಲ್. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ಡಾಂಬರು ಕೆಲಸಕ್ಕೆ ಆಗುವುದಿಲ್ಲ. ಮಳೆಗೆ ಮುಂಚೆ ಬಿಲ್ಲು ಮಾಡುವ ಗಡಿಬಿಡಿಯಲ್ಲಿ ಚರಂಡಿ ತೆಗೆಯದೆ ಮೇಲ್ಮೈ ಮಾತ್ರ ಹಾಕುತ್ತಾರೆ. ನೀರು ರಸ್ತೆ ಮೇಲೇ ಹರಿಯುತ್ತದೆ, ಅಂಚು ಮೊದಲು ಹೋಗುತ್ತದೆ. ಯಾವ ಪಕ್ಷದ ಶಾಸಕರಿದ್ದರೂ ಇದೇ ಕತೆ. ಒತ್ತಡ ಹಾಕಬೇಕಾದ್ದು ಅಕ್ಟೋಬರಿಗೆ ಕೆಲಸದ ಆದೇಶ ಹೊರಡುವಂತೆ.

ರೋಬಸ್ಟಾ
ಜಿಲ್ಲಾ ಉಸ್ತುವಾರಿ ಮಂತ್ರಿ ಹೊರಗಿನವರಾದರೆ ಕೆ.ಡಿ.ಪಿ. ಸಭೆಗೆ (ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪರಿಶೀಲನಾ ಸಭೆ) ಬರುವುದೇ ಅಪರೂಪ. 2019, 2021 ಎರಡೂ ಸಲ ಸ್ವಂತ ಸರ್ಕಾರ ಬಂದರೂ ಕೊಡಗಿನ ಇಬ್ಬರಿಗೂ ಮಂತ್ರಿಗಿರಿ ಸಿಗಲಿಲ್ಲ. ಅದನ್ನೂ ಬರೆಯಿರಿ. ನಾಲ್ಕು ಬಾರಿ ಗೆದ್ದು, ಸ್ಪೀಕರ್ ಆಗಿ, ಒಮ್ಮೆಯೂ ಮಂತ್ರಿ ಆಗದವರು ಬೋಪಯ್ಯ.

ಗೋಣಿಕೊಪ್ಪ ಸಂತೆ
24 ಶಾಸಕರಿದ್ದ ನಾಡು ಇದು. 1952ರ ಕೂರ್ಗ್ ರಾಜ್ಯದ ವಿಧಾನಸಭೆಯಲ್ಲಿ ಕಾಂಗ್ರೆಸ್ 15, ತಕ್ಕಡಿ ಗುರುತಿನ ಬಣ 9, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರಿನಲ್ಲಿ ವಿಲೀನ. 2008ರ ಮರುವಿಂಗಡಣೆಗೆ ಮುಂಚೆ ಮೂರು, ಈಗ 224ರಲ್ಲಿ ಎರಡು. 4,102 ಚದರ ಕಿ.ಮೀ.ಗೆ ಇಬ್ಬರು!

ಬಾಣೆ ಬೇಲಿ
ಕ್ಷೇತ್ರ ಹಂಚುವುದು ಜನಸಂಖ್ಯೆ ಮೇಲೆ, ಚದರ ಕಿ.ಮೀ. ಮೇಲೆ ಅಲ್ಲ. 2011ರ ಗಣತಿಯಲ್ಲಿ ಜಿಲ್ಲೆಗೆ ಐದೂವರೆ ಲಕ್ಷ. ಕಾಫಿ ಗಿಡಕ್ಕೆ ಮತ ಇಲ್ಲ.

ಶನಿವಾರಸಂತೆ
ವಿಧಾನ ಪರಿಷತ್ತನ್ನು ಮರೆತಿರಿ. ಎ.ಕೆ. ಸುಬ್ಬಯ್ಯ, ಎಂ.ಸಿ. ನಾಣಯ್ಯ ಇಬ್ಬರೂ ಅಲ್ಲಿ ಗುಡುಗಿದವರು. ಸುಬ್ಬಯ್ಯ ರಾಜ್ಯ ಬಿಜೆಪಿಯ ಮೊದಲ ಅಧ್ಯಕ್ಷರು, ಆಮೇಲೆ ಅದೇ ಪಕ್ಷದ ಕಡು ಟೀಕಾಕಾರರು. 2023ರಲ್ಲಿ ಬೋಪಯ್ಯನವರನ್ನು ಸೋಲಿಸಿದ ಪೊನ್ನಣ್ಣ ಈ ಸುಬ್ಬಯ್ಯನವರ ಮಗ. ಇನ್ನೊಂದು ಎಚ್ಚರಿಕೆ: 1999ರಲ್ಲಿ ಮಡಿಕೇರಿಯಿಂದ ಗೆದ್ದದ್ದು ಎಂ.ಎಂ. ನಾಣಯ್ಯ. ಎಂ.ಸಿ. ಬೇರೆ, ಎಂ.ಎಂ. ಬೇರೆ. ಎಷ್ಟೋ ಕಡೆ ಇಬ್ಬರನ್ನೂ ಒಬ್ಬರೇ ಮಾಡಿದ್ದಾರೆ.

ಕೋಟೆಬೆಟ್ಟ
ಶಾಸಕರ ನಿಧಿಯ ಕಾಮಗಾರಿ ಪಟ್ಟಿ ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆಯೇ? "2008ರಿಂದ 2023ರವರೆಗಿನ ಎಲ್ಲ ಕಾಮಗಾರಿ, ಬಿಲ್ಲು, ಫೋಟೋ" ಅಂತ ಕೇಳುವ ಯೋಚನೆ.

ಹಾರಂಗಿ ಹಿನ್ನೀರು
ಹಾಗೆ ಕೇಳಿದರೆ ವಾಪಸ್ ಬರುತ್ತದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಒಂದು ಆರ್ಥಿಕ ವರ್ಷಕ್ಕೆ ಒಂದು ಅರ್ಜಿ. ಕೇಳಬೇಕಾದ್ದು ಇಷ್ಟು: ಕಾಮಗಾರಿ ಹೆಸರು, ಗ್ರಾಮ, ಮಂಜೂರಾದ ಮೊತ್ತ, ಖರ್ಚಾದ ಮೊತ್ತ, ಅನುಷ್ಠಾನ ಸಂಸ್ಥೆ. ಬಿಲ್ಲು, ಫೋಟೋ ಮೊದಲ ಸುತ್ತಿನಲ್ಲಿ ಬೇಡ, ಪುಟಕ್ಕೆ 2 ರೂಪಾಯಿಯಂತೆ ಸಾವಿರಾರು ರೂಪಾಯಿಯ ಪತ್ರ ಬರುತ್ತದೆ. 30 ದಿನ ಕಾಯಿರಿ, ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ. ಮಂಜೂರು ಮತ್ತು ಖರ್ಚು ಎರಡು ಕಾಲಂ ತಾಳೆ ನೋಡಿ, ಅಂತರ ಜಾಸ್ತಿ ಇರುವ ವರ್ಷಗಳಿಗೆ ಮಾತ್ರ ಬಿಲ್ಲು ಕೇಳಿ.

ಕುಟ್ಟ ಗಡಿ
2018-19ರಿಂದ ಶುರು ಮಾಡಿ. ಭೂಕುಸಿತದ ವರ್ಷ ವಿಪತ್ತು ನಿಧಿ, ಶಾಸಕರ ನಿಧಿ, ಇಲಾಖೆ ದುಡ್ಡು ಮೂರೂ ಒಂದೇ ರಸ್ತೆ ಹೆಸರಲ್ಲಿ ಬಂದಿರುವ ಸಾಧ್ಯತೆ ಇದೆ. ಕಾಮಗಾರಿಯ ಹೆಸರಿನ ಜೊತೆ ಸರಪಳಿ ದೂರವನ್ನೂ (ರಸ್ತೆಯ ಎಲ್ಲಿಂದ ಎಲ್ಲಿವರೆಗೆ ಕೆಲಸ ಆಯಿತು ಅನ್ನುವ ಅಳತೆ) ಕೇಳಿ, ಒಂದೇ ತುಂಡಿಗೆ ಎರಡು ಸಲ ಬಿಲ್ಲಾಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಬಾಣೆ ಬೇಲಿ
ಹಾಗೇ ಪೊನ್ನಣ್ಣ, ಮಂತರ್ ಗೌಡ ಅವರ 2023-24ರದ್ದಕ್ಕೂ ಒಂದೊಂದು ಅರ್ಜಿ ಹಾಕಿ. ಪಕ್ಷದ ಜಗಳ ಬೇಡ ಅಂದವರು ನೀವೇ ಅಲ್ಲವಾ.